ಪಂಕಜ್ ಅಡ್ವಾಣಿ ಯಾಕೆ ವಾಪಸ್ ಬಂದ?

ಮೊನ್ನೆ ಭಾನುವಾರ ಅಕ್ಕನ ಮನೆಗೆ ಊಟಕ್ಕೆ ಹೋಗಿದ್ದೆ. ಊಟ ಮುಗಿಸಿ ಎಲೆ ಅಡಿಕೆ ಹಾಕ್ಕೊಳ್ಳೋ ಹೊತ್ತಿಗೆ ಅಕ್ಕ ಮೆಲ್ಲಗೆ ವಿಷಯ ತೆಗೆದಳು. ಅವಳ ಮಗನಿಗೆ ಈಗ 16. ಫಸ್ಟ್ ಪಿಯುಸಿ. ಎರಡು ವರ್ಷದಿಂದ ಸ್ನೂಕರ್ ಹುಚ್ಚು ಹಿಡಿದಿದೆ. ಸಂಜೆ ಟ್ಯೂಷನ್ನಿಗೆ ಅಂತ ಹೊರಟವನು ಕ್ಯೂ ಹಿಡಿದು ನಿಂತಿರುತ್ತಾನೆ. ಅಲ್ಲಿಯವರೆಗೆ ಸರಿ. ಈಗ ಕಾಲೇಜು ಬಿಡ್ತೀನಿ, ಪೂರ್ತಿ ಆಡ್ತೀನಿ, 18 ತುಂಬುತ್ತಿದ್ದಂತೆ ಇಂಗ್ಲೆಂಡಿಗೆ ಹೋಗಿ ಪ್ರೊಫೆಷನಲ್ ಆಗ್ತೀನಿ ಅಂತ ಹಟ ಹಿಡಿದಿದ್ದಾನಂತೆ.

"ನೀನೂ ಆಡ್ತಿದ್ದೆಯಲ್ಲ, ನೀನೇ ಬುದ್ಧಿ ಹೇಳು" ಅಂದಳು ಅಕ್ಕ.

ಹುಡುಗ ತಯಾರಾಗಿಯೇ ಬಂದಿದ್ದ. "ಮಾಮ, ಪಂಕಜ್ ಅಡ್ವಾಣಿ 18ಕ್ಕೇ ಪ್ರೊಫೆಷನಲ್ ಆಗಿದ್ರೆ ಶೆಫೀಲ್ಡಿನಲ್ಲಿ ವರ್ಲ್ಡ್ ಚಾಂಪಿಯನ್ ಆಗಿರ್ತಿದ್ದ. ಹೋಗಿದ್ದು 27ಕ್ಕೆ. ಲೇಟಾಯ್ತು. ಎರಡೇ ವರ್ಷಕ್ಕೆ ವಾಪಸ್ ಬಂದ. ನಾನು ಆ ತಪ್ಪು ಮಾಡಲ್ಲ" ಅಂದ.

ನನಗೆ ತಕ್ಷಣ ಏನೂ ಹೇಳಕ್ಕಾಗಲಿಲ್ಲ. ಯಾಕೆಂದರೆ ಹತ್ತು ವರ್ಷದ ಹಿಂದೆ ಇದೇ ಮಾತನ್ನು ಗೆಳೆಯರ ಮಧ್ಯೆ ಕೂತು ನಾನೇ ಹೇಳಿದ್ದೆ. "ಎಂಥಾ ಪ್ರತಿಭೆ ಕಣ್ರೀ, ಬಿಲಿಯರ್ಡ್ಸ್ ಆಡ್ಕೊಂಡು ಹಾಳು ಮಾಡ್ಕೊಂಡ" ಅಂತ ಟೇಬಲ್ ಕುಟ್ಟಿ ವಾದ ಮಾಡಿದ್ದು ನೆನಪಿದೆ. ಅದೇ ಮಾತು 16ರ ಹುಡುಗನ ಬಾಯಿಂದ, ಅದೂ ಅವನ ಜೀವನದ ನಿರ್ಧಾರಕ್ಕೆ ಆಧಾರವಾಗಿ ಬಂದಾಗ ಗಂಟಲಲ್ಲಿ ಸಿಕ್ಕಿಕೊಂಡ ಹಾಗಾಯ್ತು. ಮನೆಗೆ ಬಂದು ಒಂದು ವಾರ ಯೋಚನೆ ಮಾಡಿದೆ. ಅವನಿಗೆ ಹೇಳಬೇಕು ಅಂದುಕೊಂಡಿದ್ದನ್ನು ಮೊದಲು ಇಲ್ಲಿ ಬರೀತಿದ್ದೀನಿ. ತಪ್ಪಿದ್ದರೆ ತಿದ್ದಿ.

(ಅಂದ ಹಾಗೆ, ಪಂಕಜ್‌ನನ್ನು ಏಕವಚನದಲ್ಲಿ ಬರೆದಿದ್ದಕ್ಕೆ ಬೇಜಾರು ಮಾಡ್ಕೋಬೇಡಿ. ದ್ರಾವಿಡ್ ಬಂದ, ಕುಂಬ್ಳೆ ಹೊಡೆದ ಅನ್ನೋ ಹಾಗೆ ಇದೂ ಪ್ರೀತಿಯ ಏಕವಚನ.)

*

ಮೊದಲು ಹುಡುಗನ ಲೆಕ್ಕವನ್ನೇ ನೋಡೋಣ.

ಪಂಕಜ್ ಹುಟ್ಟಿದ್ದು 1985ರ ಜುಲೈ 24ಕ್ಕೆ, ಪುಣೆಯಲ್ಲಿ. ಸಿಂಧಿ ಕುಟುಂಬ. ಮೊದಲ ಕೆಲವು ವರ್ಷ ಕುವೈತ್. 1990ರಲ್ಲಿ ಇರಾಕ್ ಕುವೈತಿಗೆ ನುಗ್ಗಿದ ಗಲಾಟೆಯ ನಂತರ ಕುಟುಂಬ ಬೆಂಗಳೂರಿಗೆ ಬಂತು. ತಂದೆಯನ್ನು ಕಳೆದುಕೊಂಡಾಗ ಇನ್ನೂ ಪುಟ್ಟ ಹುಡುಗ. ಓದಿದ್ದು ಫ್ರಾಂಕ್ ಆಂಥೋನಿ ಶಾಲೆಯಲ್ಲಿ, ಆಮೇಲೆ ಮಹಾವೀರ ಜೈನ್ ಕಾಲೇಜಿನಲ್ಲಿ. ಅಣ್ಣ ಶ್ರೀ ಮನೆ ಹತ್ತಿರದ ಪಾರ್ಲರಿನಲ್ಲಿ ಆಡುತ್ತಿದ್ದ. ಹತ್ತು ವರ್ಷದ ತಮ್ಮ ಅವನ ಹಿಂದೆ ಹಿಂದೆ ಹೋದ. ಎಲ್ಲಾ ತಮ್ಮಂದಿರೂ ಮಾಡುವ ಕೆಲಸವೇ ಅದು :-)

ಅಲ್ಲಿಂದ ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಗೆ, ಮಾಜಿ ರಾಷ್ಟ್ರೀಯ ಚಾಂಪಿಯನ್ ಅರವಿಂದ್ ಸವೂರ್ ಅವರ ಕೈಗೆ. ಮುಂದಿನದು ದಾಖಲೆಯಲ್ಲಿದೆ. 2000ದಲ್ಲಿ ರಾಷ್ಟ್ರೀಯ ಜೂನಿಯರ್ ಬಿಲಿಯರ್ಡ್ಸ್. 2003ರಲ್ಲಿ ಹಿರಿಯರ ರಾಷ್ಟ್ರೀಯ ಸ್ನೂಕರ್ ಪ್ರಶಸ್ತಿ. ಅದೇ ವರ್ಷ ಚೀನಾದ ಜಿಯಾಂಗ್‌ಮೆನ್‌ನಲ್ಲಿ ಪಾಕಿಸ್ತಾನದ ಸಾಲೆಹ್ ಮೊಹಮ್ಮದ್‌ನನ್ನು ಫೈನಲ್‌ನಲ್ಲಿ ಸೋಲಿಸಿ ವಿಶ್ವ ಅಮೆಚೂರ್ ಸ್ನೂಕರ್ ಚಾಂಪಿಯನ್. ಆಗ ವಯಸ್ಸು 18. ಅದಕ್ಕೆ ಮೊದಲು ಈ ಪ್ರಶಸ್ತಿ ಗೆದ್ದಿದ್ದ ಭಾರತೀಯ ಒಬ್ಬರೇ, 1984ರಲ್ಲಿ ಡಬ್ಲಿನ್‌ನಲ್ಲಿ ಓಂ ಅಗರ್‌ವಾಲ್.

ಅದೇ 2003ರಲ್ಲಿ ಇನ್ನೊಬ್ಬ ಹುಡುಗ ಬೇರೆ ದಾರಿ ಹಿಡಿದ. ಡಿಂಗ್ ಜುನ್‌ಹುಯ್. ಪಂಕಜ್‌ಗಿಂತ ಸುಮಾರು ಎರಡು ವರ್ಷ ಚಿಕ್ಕವನು. 2002ರಲ್ಲಿ 15ರ ವಯಸ್ಸಿನಲ್ಲಿ ವಿಶ್ವ 21 ವರ್ಷದೊಳಗಿನವರ ಪ್ರಶಸ್ತಿ ಗೆದ್ದು, ಮರುವರ್ಷ 16ಕ್ಕೆ ಪ್ರೊಫೆಷನಲ್ ಆದ. 2005ರಲ್ಲಿ 18 ತುಂಬಿದ ಕೆಲವೇ ದಿನಕ್ಕೆ ಬೀಜಿಂಗ್‌ನಲ್ಲಿ ಸ್ಟೀಫನ್ ಹೆಂಡ್ರಿಯನ್ನು 9-5ರಲ್ಲಿ ಸೋಲಿಸಿ ಚೀನಾ ಓಪನ್ ಗೆದ್ದ. ಅದೇ ಡಿಸೆಂಬರಿನಲ್ಲಿ ಸ್ಟೀವ್ ಡೇವಿಸ್ ಎದುರು ಯುಕೆ ಚಾಂಪಿಯನ್‌ಷಿಪ್. 2014ರ ಕೊನೆಗೆ ವಿಶ್ವದ ನಂಬರ್ 1.

"ನೋಡು, ನಾನು ಹೇಳಿದ್ದು ಅದೇ ಅಲ್ವಾ" ಅಂತಾನೆ ನನ್ನ ಅಳಿಯರಾಯ. ಇಬ್ಬರು ಹುಡುಗರು, ಒಂದೇ ವರ್ಷ. ಒಬ್ಬ ಹೋದ, ಒಬ್ಬ ಉಳಿದ. ಹೋದವನು ನಂಬರ್ 1 ಆದ.

ಆದರೆ ಉಳಿದವನು ಏನು ಮಾಡಿದ ಅನ್ನೋದನ್ನೂ ನೋಡಬೇಕಲ್ಲ. 2005ರಲ್ಲಿ ಮಾಲ್ಟಾದಲ್ಲಿ ವಿಶ್ವ ಬಿಲಿಯರ್ಡ್ಸ್‌ನ ಎರಡೂ ಮಾದರಿ ಒಟ್ಟಿಗೆ ಗೆದ್ದ. ಪಾಯಿಂಟ್ಸ್ ಲೆಕ್ಕದ್ದೂ, ಸಮಯದ ಲೆಕ್ಕದ್ದೂ. ಅದುವರೆಗೆ ಒಂದೇ ವರ್ಷ ಎರಡನ್ನೂ ಯಾರೂ ಗೆದ್ದಿರಲಿಲ್ಲ. 2006ರಲ್ಲಿ ದೋಹಾ ಏಷ್ಯನ್ ಗೇಮ್ಸ್ ಚಿನ್ನ. 2008ರಲ್ಲಿ ನಮ್ಮ ಬೆಂಗಳೂರಿನಲ್ಲೇ ಮತ್ತೆ ಎರಡೂ ಪ್ರಶಸ್ತಿ. 2009ರಲ್ಲಿ ಇಂಗ್ಲೆಂಡಿನ ಲೀಡ್ಸ್‌ಗೆ ಹೋಗಿ, ಬಿಲಿಯರ್ಡ್ಸ್‌ನ ಮಹಾರಾಜ ಅನ್ನಬಹುದಾದ ಮೈಕ್ ರಸೆಲ್‌ನನ್ನೇ ಸೋಲಿಸಿ ವಿಶ್ವ ಪ್ರೊಫೆಷನಲ್ ಬಿಲಿಯರ್ಡ್ಸ್ ಪ್ರಶಸ್ತಿ. 2010ರಲ್ಲಿ ಗ್ವಾಂಗ್‌ಝೌ ಏಷ್ಯಾಡ್ ಚಿನ್ನ. ಮಧ್ಯದಲ್ಲಿ ಅರ್ಜುನ, ಖೇಲ್ ರತ್ನ, ಪದ್ಮಶ್ರೀ. ಓಎನ್‌ಜಿಸಿಯಲ್ಲಿ ನೌಕರಿ. ಇದನ್ನೆಲ್ಲ "ಹಾಳು ಮಾಡ್ಕೊಂಡ" ಅಂತ ಕರೆಯೋದಕ್ಕೆ ಒಂದು ಮಟ್ಟದ ಮೊಂಡುತನ ಬೇಕು. ನನಗಿತ್ತು, ಒಪ್ಕೋತೀನಿ.

ಇನ್ನೊಂದು ವಿಷಯ. ಟೇಬಲ್ ಅದೇ 12 ಅಡಿ ಉದ್ದ, 6 ಅಡಿ ಅಗಲದ್ದಾದರೂ ಬಿಲಿಯರ್ಡ್ಸ್ ಬೇರೆ ಆಟ, ಸ್ನೂಕರ್ ಬೇರೆ ಆಟ. ಬಿಲಿಯರ್ಡ್ಸ್‌ನಲ್ಲಿ ಮೂರೇ ಚೆಂಡು. ಅವನ್ನು ಮೂಲೆಗೆ ಕರೆದೊಯ್ದು, ಮುದ್ದು ಮಾಡಿ, ಬೆರಳ ತುದಿಯಲ್ಲಿ ತಳ್ಳುತ್ತಾ ನೂರಾರು ಪಾಯಿಂಟ್ ಕಟ್ಟಬೇಕು. ಸ್ನೂಕರ್‌ನಲ್ಲಿ 15 ಕೆಂಪು, 6 ಬಣ್ಣ. ಹತ್ತು ಅಡಿ ದೂರದ ಚೆಂಡನ್ನು ಪಾಕೆಟ್ಟಿಗೆ ಕಳಿಸಿ ಬಿಳಿ ಚೆಂಡನ್ನು ಹೇಳಿದ ಜಾಗಕ್ಕೆ ತರಬೇಕು. ಎರಡನ್ನೂ ವಿಶ್ವಮಟ್ಟದಲ್ಲಿ ಆಡೋದು ಅಂದ್ರೆ ವೀಣೆಯನ್ನೂ ಸಿತಾರನ್ನೂ ಒಂದೇ ವಾರ ಕಛೇರಿಯಲ್ಲಿ ನುಡಿಸಿದ ಹಾಗೆ. ನೋಡೋರಿಗೆ ಎರಡೂ ತಂತಿಯೇ. ಬೆರಳಿಗೆ ಗೊತ್ತು ವ್ಯತ್ಯಾಸ.

*

ಈಗ ಆ ಎರಡು ವರ್ಷದ ಕಥೆ.

2012-13ರ ಸೀಸನ್ನಿಗೆ ಪಂಕಜ್ ಪ್ರೊಫೆಷನಲ್ ಟೂರ್ ಸೇರಿದ. ವಿಶ್ವ ಪ್ರಶಸ್ತಿಗಳ ಗಂಟು ಹೊತ್ತವನು ಅಲ್ಲಿ ಮತ್ತೆ ಹೊಸಬ.

ತಮಾಷೆ ಗೊತ್ತಾ? ಸ್ನೂಕರ್ ಅನ್ನೋ ಪದದ ಅರ್ಥವೇ ಹೊಸಬ ಅಂತ. ಈ ಆಟ ಹುಟ್ಟಿದ್ದು ನಮ್ಮ ದೇಶದಲ್ಲೇ. 1875ರಲ್ಲಿ ಜಬಲ್‌ಪುರದ ಬ್ರಿಟಿಷ್ ಸೈನ್ಯಾಧಿಕಾರಿಗಳ ಮೆಸ್ಸಿನಲ್ಲಿ, ನೆವಿಲ್ ಚೇಂಬರ್ಲೇನ್ ಎಂಬ ಯುವ ಅಧಿಕಾರಿಯ ಮಳೆಗಾಲದ ಬೇಜಾರಿನಲ್ಲಿ. (ಆಮೇಲೆ ಪ್ರಧಾನಿಯಾದ ಚೇಂಬರ್ಲೇನ್ ಇವನಲ್ಲ.) ಇಂಗ್ಲೆಂಡಿನ ಸೈನಿಕ ಅಕಾಡೆಮಿಯಲ್ಲಿ ಮೊದಲ ವರ್ಷದ ಹುಡುಗರನ್ನು ಸ್ನೂಕರ್ ಅಂತ ಗೇಲಿ ಮಾಡುತ್ತಿದ್ದರಂತೆ. ಒಬ್ಬ ಸುಲಭದ ಚೆಂಡು ತಪ್ಪಿಸಿದಾಗ ಇವನು ಅದೇ ಪದದಲ್ಲಿ ಬೈದ, ಆಮೇಲೆ ಈ ಆಟಕ್ಕೆ ನಾವೆಲ್ಲ ಸ್ನೂಕರ್‌ಗಳೇ ಬಿಡಿ ಅಂತ ಸಮಾಧಾನ ಮಾಡಿದ. ಹೆಸರು ಅಂಟಿಕೊಂಡಿತು. ನಂತರ ನಿಯಮಗಳು ರೂಪುಗೊಂಡು ಗೋಡೆ ಹತ್ತಿದ್ದು ನಮ್ಮ ಪಕ್ಕದ ಊಟಿ ಕ್ಲಬ್ಬಿನಲ್ಲಿ.

ಹೊಸಬನಾಗಿ ಹೋದ ಪಂಕಜ್ ಮೊದಲ ಸೀಸನ್ನಿನಲ್ಲೇ, 2013ರ ಫೆಬ್ರವರಿಯ ವೆಲ್ಷ್ ಓಪನ್‌ನಲ್ಲಿ ಕ್ವಾರ್ಟರ್ ಫೈನಲ್ ತಲುಪಿದ. ರ‍್ಯಾಂಕಿಂಗ್ ಟೂರ್ನಿಯೊಂದರಲ್ಲಿ ಅಷ್ಟು ದೂರ ಹೋದ ಮೊದಲ ಭಾರತೀಯ. ಜಡ್ ಟ್ರಂಪ್ ಎದುರು ಸೋತ. ಅದೇ ವರ್ಷ ಅಕ್ಟೋಬರಿನಲ್ಲಿ ದೆಹಲಿಯಲ್ಲಿ ಮೊದಲ ಇಂಡಿಯನ್ ಓಪನ್ ನಡೆಯಿತು. ಮುಂಬೈನ ಆದಿತ್ಯ ಮೆಹ್ತಾ ಫೈನಲ್‌ಗೇ ಹೋದ. ಎದುರಿಗೆ ಇದ್ದವನು ಯಾರು? ಅದೇ ಡಿಂಗ್. 5-0. ಹತ್ತು ವರ್ಷ ಮೊದಲೇ ಹೊರಟವನಿಗೂ ಆಮೇಲೆ ಹೊರಟವರಿಗೂ ಇರುವ ಅಂತರ ಅವತ್ತು ಸ್ಕೋರ್ ಬೋರ್ಡಿನ ಮೇಲೆ ಕಾಣಿಸಿತು. ಅದನ್ನು ನಾನು ಅಲ್ಲಗಳೆಯಲ್ಲ.

2014ರ ಅಕ್ಟೋಬರಿನಲ್ಲಿ ಪಂಕಜ್ ಲೀಡ್ಸ್‌ನಲ್ಲಿ ಮೂರನೇ ಸಲ ಬಿಲಿಯರ್ಡ್ಸ್‌ನ ಎರಡೂ ಪ್ರಶಸ್ತಿ ಗೆದ್ದ. ಆಮೇಲೆ ಕೆಲವೇ ವಾರಗಳಲ್ಲಿ ಸ್ನೂಕರ್ ಟೂರ್ ಕಾರ್ಡನ್ನು ಬಿಟ್ಟುಕೊಟ್ಟ. ಮನೆಯಿಂದ ಅಷ್ಟು ದಿನ ದೂರ ಇರೋದು ಬೇಡ, ಎರಡೂ ಆಟ ಆಡಬೇಕು ಅನ್ನೋದು ಅವನ ನಿಲುವಾಗಿತ್ತು.

ನಾವು ಇಲ್ಲಿ ಕೂತು "ತಡಕೊಳ್ಳಕ್ಕಾಗಲಿಲ್ಲ, ಓಡಿ ಬಂದ" ಅಂದೆವು.

ಆ ಜೀವನ ಹೇಗಿರುತ್ತೆ ಅಂತ ನಮಗೆಷ್ಟು ಗೊತ್ತು? ಟಿವಿಯಲ್ಲಿ ಕಾಣೋದು ಶೆಫೀಲ್ಡಿನ ಕ್ರೂಸಿಬಲ್ ಥಿಯೇಟರ್. ಬೋ ಟೈ, ವೇಸ್ಟ್‌ಕೋಟ್, ಮೌನ, ಚಪ್ಪಾಳೆ. ಅಲ್ಲಿಗೆ ಹೋಗೋದು ವರ್ಷಕ್ಕೆ 32 ಜನ. 2013ರಿಂದ ಟೂರ್‌ನಲ್ಲಿರುವವರ ಸಂಖ್ಯೆ ಸುಮಾರು 128. ಹೊಸಬನಿಗೆ ಕಾರ್ಡ್ ಸಿಗೋದು ಎರಡು ವರ್ಷಕ್ಕೆ. ಅಷ್ಟರಲ್ಲಿ ಮೊದಲ 64ರೊಳಗೆ ಬರದಿದ್ದರೆ ಕಾರ್ಡ್ ಉಳಿಯೋದು ಕಷ್ಟ. ಮತ್ತೆ ಸ್ವಂತ ದುಡ್ಡಿನಲ್ಲಿ ಶುಲ್ಕ ಕಟ್ಟಿ ಕ್ಯೂ ಸ್ಕೂಲ್ ಅನ್ನೋ ಅರ್ಹತಾ ಪರೀಕ್ಷೆ ಬರೀಬೇಕು. ಬಾಡಿಗೆ, ಊಟ, ರೈಲು, ಹೋಟೆಲ್, ಪ್ರ್ಯಾಕ್ಟೀಸ್ ಟೇಬಲ್ ಎಲ್ಲ ಸ್ವಂತ ಖರ್ಚು. ಪಂಕಜ್ ಆಡುತ್ತಿದ್ದ ದಿನಗಳಲ್ಲಿ ಹಲವು ಟೂರ್ನಿಗಳಲ್ಲಿ ಮೊದಲ ಸುತ್ತಲ್ಲೇ ಸೋತರೆ ಒಂದು ಪೌಂಡೂ ಸಿಗುತ್ತಿರಲಿಲ್ಲ. ಸೋತವನು ಕ್ಯೂ ಕೇಸ್ ಹೆಗಲಿಗೆ ಹಾಕ್ಕೊಂಡು, ಮಧ್ಯಾಹ್ನ ನಾಲ್ಕಕ್ಕೇ ಕತ್ತಲಾಗುವ ಊರಲ್ಲಿ, ಖಾಲಿ ರೂಮಿಗೆ ವಾಪಸ್ ಹೋಗಬೇಕು.

ಗೆದ್ದ ಡಿಂಗ್‌ಗೂ ಅದು ಸುಲಭ ಇರಲಿಲ್ಲ. 2007ರ ಮಾಸ್ಟರ್ಸ್ ಫೈನಲ್ ನೋಡಿದವರಿಗೆ ನೆನಪಿರಬಹುದು. ಅದೇ ಟೂರ್ನಿಯಲ್ಲಿ 147 ಹೊಡೆದಿದ್ದ 19ರ ಹುಡುಗ ಫೈನಲ್‌ನಲ್ಲಿ ರಾನಿ ಓ'ಸುಲಿವನ್ ಎದುರು ಕುಸಿದು ಹೋದ. ಪ್ರೇಕ್ಷಕರ ಕೂಗಾಟ ಬೇರೆ. ಕಣ್ಣೀರು ಬಂತು. 10-3. ಎದುರಾಳಿಯೇ ಹೆಗಲ ಮೇಲೆ ಕೈ ಹಾಕಿ ಸಮಾಧಾನ ಮಾಡಿದ. ನಾನು ಅವತ್ತು ಅದನ್ನು ನೋಡಿ "ಛೆ, ಗಟ್ಟಿ ಇಲ್ಲ ಹುಡುಗ" ಅಂದಿದ್ದೆ. ಈಗ ಅಕ್ಕನ ಮಗನ ಮುಖ ಇಟ್ಟು ನೋಡಿದರೆ ಬೇರೆ ಥರ ಕಾಣುತ್ತೆ.

*

ಹುಡುಗನಿಗೆ ಹೇಳಲೇಬೇಕಾದ ಇನ್ನೆರಡು ಹೆಸರುಗಳಿವೆ.

ಒಂದು, ಯಾನ್ ಬಿಂಗ್‌ಟಾವ್. 2014ರ ನವೆಂಬರಿನಲ್ಲಿ ವಿಶ್ವ ಅಮೆಚೂರ್ ಸ್ನೂಕರ್ ನಡೆದದ್ದು ನಮ್ಮ ಬೆಂಗಳೂರಿನಲ್ಲಿ. ಗೆದ್ದವನು ಈ ಯಾನ್. ವಯಸ್ಸು ಎಷ್ಟು? 14! ನಮ್ಮೂರಲ್ಲಿ ಆ ವಯಸ್ಸಿನವರನ್ನು ಪಾರ್ಲರಿನ ಒಳಗೇ ಬಿಡಲ್ಲ. 2016ರಲ್ಲಿ ಪ್ರೊಫೆಷನಲ್ ಆದ. 2021ರಲ್ಲಿ 20ರ ವಯಸ್ಸಿಗೆ ಮಾಸ್ಟರ್ಸ್ ಗೆದ್ದ. 2023ರಲ್ಲಿ ಮ್ಯಾಚ್ ಫಿಕ್ಸಿಂಗ್‌ಗಾಗಿ ಐದು ವರ್ಷ ನಿಷೇಧ. ಆ ಪ್ರಕರಣದಲ್ಲಿ ಶಿಕ್ಷೆಯಾದವರು ಒಟ್ಟು ಹತ್ತು ಜನ ಚೀನೀ ಆಟಗಾರರು. ಇಬ್ಬರಿಗೆ ಆಜೀವ ನಿಷೇಧ.

ಇನ್ನೊಂದು, ಝಾವ್ ಶಿನ್‌ಟಾಂಗ್. 2015ರಲ್ಲಿ ಈಜಿಪ್ಟಿನ ಹುರ್ಗಾಡಾದಲ್ಲಿ ವಿಶ್ವ ಅಮೆಚೂರ್ ಫೈನಲ್. ಒಂದು ಕಡೆ ಟೂರ್ ಬಿಟ್ಟು ಬಂದ 30ರ ಪಂಕಜ್. ಇನ್ನೊಂದು ಕಡೆ 18ರ ಝಾವ್. ಪಂಕಜ್ 8-6ರಲ್ಲಿ ಗೆದ್ದ. ಸೋತ ಹುಡುಗ 2016ರಲ್ಲಿ ಪ್ರೊಫೆಷನಲ್ ಆಗಿ, 2021ರಲ್ಲಿ ಯುಕೆ ಚಾಂಪಿಯನ್‌ಷಿಪ್ ಗೆದ್ದು, 2023ರ ಅದೇ ಪ್ರಕರಣದಲ್ಲಿ 20 ತಿಂಗಳು ಹೊರಗೆ ಕೂತ. ತಾನೇ ಪಂದ್ಯ ಬಿಟ್ಟುಕೊಟ್ಟಿರಲಿಲ್ಲ. ಆದರೆ ಇನ್ನೊಬ್ಬನ ಫಿಕ್ಸಿಂಗ್‌ಗೆ ಜೊತೆಯಾಗಿದ್ದ, ಬೆಟ್ ಕಟ್ಟಿದ್ದ. ಶಿಕ್ಷೆ ಮುಗಿಸಿ ಬಂದವನು 2025ರಲ್ಲಿ ಅಮೆಚೂರ್ ಆಗಿ ಅರ್ಹತಾ ಸುತ್ತಿನಿಂದ ಹೊರಟು, ಸೆಮಿಫೈನಲ್‌ನಲ್ಲಿ ಓ'ಸುಲಿವನ್‌ನನ್ನು 17-7, ಫೈನಲ್‌ನಲ್ಲಿ ಮಾರ್ಕ್ ವಿಲಿಯಮ್ಸ್‌ನನ್ನು 18-12ರಲ್ಲಿ ಸೋಲಿಸಿ ಕ್ರೂಸಿಬಲ್‌ನಲ್ಲಿ ವಿಶ್ವ ಚಾಂಪಿಯನ್ ಆದ. ಏಷ್ಯಾದಿಂದ ಮೊದಲಿಗ.

ನನ್ನ ಅಳಿಯನಿಗೆ ಝಾವ್‌ನ ಕಥೆಯ ಮೊದಲ ಸಾಲೂ ಕೊನೆಯ ಸಾಲೂ ಬಾಯಿಪಾಠ. "ಪಂಕಜ್ ಹತ್ರ ಸೋತವನೇ ವರ್ಲ್ಡ್ ಚಾಂಪಿಯನ್ ಆದ, ಹಾಗಾದ್ರೆ ಪಂಕಜ್?" ಅಂತ. ನಡುವಿನ ಸಾಲುಗಳನ್ನು ಅವನು ಓದೇ ಇಲ್ಲ. ಓದಿದರೂ "ಅದು ಅವರ ತಪ್ಪು" ಅಂತಾನೆ. ತಪ್ಪು ಅವರದ್ದೇ, ನಾನು ಸಮರ್ಥನೆ ಮಾಡ್ತಿಲ್ಲ. ಆದರೆ ಹದಿನಾರು ಹದಿನೇಳಕ್ಕೆ ಮನೆ ಬಿಟ್ಟು, ಭಾಷೆ ಬಾರದ ಊರಲ್ಲಿ, ತಮ್ಮ ವಯಸ್ಸಿನವರ ಗುಂಪಿನಲ್ಲೇ ಬೆಳೆದ ಹುಡುಗರು ಅವರು. ಟೇಬಲ್‌ಗೇನೂ ಕೊರತೆ ಇರಲಿಲ್ಲ. ಶೆಫೀಲ್ಡಿನಲ್ಲಿ ಅವರಿಗೆ ಅಂತಲೇ ಅಕಾಡೆಮಿಗಳಿದ್ದವು. ಟೇಬಲ್ ಇದ್ದರೆ ಸಾಲದು ಅನ್ನೋದೇ ನನಗೆ ಕಾಣುವ ಪಾಠ. "ಲೋ, ಇದು ಬೇಡ ಕಣೋ" ಅನ್ನೋ ಒಬ್ಬರು ಪಕ್ಕದಲ್ಲಿ ಬೇಕು. ಪಂಕಜ್‌ಗೆ ಮೊದಲ ದಿನದಿಂದ ಅಣ್ಣ ಇದ್ದ, ಅಮ್ಮ ಇದ್ದರು, ಸವೂರ್ ಇದ್ದರು. ಅದನ್ನು ಬಿಟ್ಟು ಎಷ್ಟು ದಿನ ಇರಬಹುದು ಅಂತ ಲೆಕ್ಕ ಹಾಕಿ, ಸಾಕು ಅಂತ ಬಂದವನನ್ನು ನಾವು ಹೇಡಿ ಅಂದೆವು. ನನ್ನ ಪ್ರಕಾರ ಅದು ಅವನ ವೃತ್ತಿಜೀವನದ ಅತ್ಯಂತ ಧೈರ್ಯದ ಹೊಡೆತ.

*

ಹಾಗಂತ ಇನ್ನೊಂದು ಕಡೆಯ ಸುಳ್ಳನ್ನೂ ನಾನು ಹೇಳಲಾರೆ.

ನಮ್ಮ ಪತ್ರಿಕೆಗಳು ಪಂಕಜ್ ಗೆದ್ದಾಗಲೆಲ್ಲ "ಮತ್ತೊಂದು ವಿಶ್ವ ಕಿರೀಟ" ಅಂತ ಬರೆಯುತ್ತವೆ. 2024ರ ನವೆಂಬರಿಗೆ ಅದು 28 ಆಯಿತು. ಅದರಲ್ಲಿ ಬಿಲಿಯರ್ಡ್ಸ್ ಎಷ್ಟು, ಸ್ನೂಕರ್ ಎಷ್ಟು, ಬರೀ ಆರು ಕೆಂಪು ಚೆಂಡಿನ ಚುಟುಕು ಸ್ನೂಕರ್ ಎಷ್ಟು, ಅಮೆಚೂರ್ ಎಷ್ಟು ಅಂತ ಯಾರೂ ಬಿಡಿಸಿ ಹೇಳಲ್ಲ. ಬಿಡಿಸಿ ಹೇಳಿದರೆ ಅವನ ಗೌರವ ಕಮ್ಮಿಯಾಗುತ್ತೆ ಅಂತ ಭಯವೋ ಏನೋ. ಜಿಯಾಂಗ್‌ಮೆನ್‌ನ ಪ್ರಶಸ್ತಿ ಬೇರೆ, ಕ್ರೂಸಿಬಲ್‌ನ ಪ್ರಶಸ್ತಿ ಬೇರೆ. ರಣಜಿ ಬೇರೆ, ಟೆಸ್ಟ್ ಬೇರೆ ಅನ್ನೋದು ಕ್ರಿಕೆಟ್‌ನಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಸ್ನೂಕರ್‌ನಲ್ಲಿ ಮಾತ್ರ ನಾವು ಎಲ್ಲಾ ಒಂದೇ ಚೀಲಕ್ಕೆ ಹಾಕಿ ತೂಗ್ತೀವಿ. ಇದರಿಂದ ಹಾನಿ ಪಂಕಜ್‌ಗಲ್ಲ, ನಮ್ಮ ಹುಡುಗರಿಗೆ. ಅರ್ಧ ಜನ "28 ಸಲ ವಿಶ್ವವನ್ನೇ ಗೆದ್ದ, ನಾವೂ ಗೆಲ್ಲೋದು ಸುಲಭ" ಅಂದ್ಕೋತಾರೆ. ಇನ್ನರ್ಧ ಜನ ನಿಜ ಗೊತ್ತಾದ ದಿನ "ಓ, ಇಷ್ಟೇನಾ" ಅಂತ ಮೂಗು ಮುರೀತಾರೆ. ಎರಡೂ ತಪ್ಪು. ಪ್ರೊಫೆಷನಲ್ ಸ್ನೂಕರ್‌ನಲ್ಲಿ ಅವನು ಮುಟ್ಟಿದ್ದು ಕ್ವಾರ್ಟರ್ ಫೈನಲ್. ಅಮೆಚೂರ್ ಸ್ನೂಕರ್‌ನಲ್ಲಿ ವಿಶ್ವ ಚಾಂಪಿಯನ್. ಬಿಲಿಯರ್ಡ್ಸ್‌ನಲ್ಲಿ ಇತಿಹಾಸದ ದೊಡ್ಡವರ ಪಕ್ಕ ಕೂರುವವನು. ಹೀಗೆ ಬಿಡಿಸಿ ಬರೆದರೂ ಅವನು ದೊಡ್ಡವನೇ ಅಲ್ವಾ?

*

ಕೊನೆಯದಾಗಿ ನನ್ನ ಒಂದು ಹಳೇ ನೆನಪು.

ನಾನು ಇಂಜಿನಿಯರಿಂಗ್ ಓದುತ್ತಿದ್ದ ದಿನಗಳಲ್ಲಿ ದಾವಣಗೆರೆಯ ಒಂದು ಬೇಕರಿಯ ಮೇಲೆ ಸ್ನೂಕರ್ ಪಾರ್ಲರ್ ಇತ್ತು. ಎರಡು ಟೇಬಲ್. ಒಂದು ಟೇಬಲ್ ಒಂದು ಟನ್ನಿಗೂ ಹೆಚ್ಚು ಭಾರ ಇರುತ್ತೆ, ಆ ಕಟ್ಟಡ ಹೇಗೆ ತಡಕೊಂಡಿತ್ತೋ. ಮಳೆಗಾಲದಲ್ಲಿ ಬಟ್ಟೆಗೆ ತೇವ ಹತ್ತಿ ಚೆಂಡು ಕೆಸರಲ್ಲಿ ಉರುಳಿದ ಹಾಗೆ ಉರುಳೋದು. ಪ್ರೊಫೆಷನಲ್ ಟೇಬಲ್‌ಗಳಲ್ಲಿ ಕಲ್ಲಿನ ಹಾಸಿನ ಕೆಳಗೆ ಹೀಟರ್ ಇರುತ್ತೆ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಅಲ್ಲಿ ಸ್ಕೋರ್ ಬರೆಯೋಕೆ, ಚೆಂಡು ಒರೆಸೋಕೆ ಒಬ್ಬ ಮಾರ್ಕರ್ ಇದ್ದ. ನಮ್ಮ ವಯಸ್ಸಿನವನೇ. ಗಿರಾಕಿ ಇಲ್ಲದ ಮಧ್ಯಾಹ್ನ ಅವನು ಒಬ್ಬನೇ ಆಡೋದನ್ನು ನೋಡಬೇಕಿತ್ತು. ನಾವು ನಾಲ್ಕು ಚೆಂಡು ಸಾಲಾಗಿ ಹಾಕಿದರೆ ಹಬ್ಬ. ಅವನು ಕ್ಯೂ ತುದಿ ಸವೆದ ಕೋಲಿನಲ್ಲಿ ಅರವತ್ತು ಎಪ್ಪತ್ತು ಕಟ್ಟಿಬಿಡೋನು. ಯಾವತ್ತೂ ಒಂದು ಟೂರ್ನಮೆಂಟ್ ಆಡಲಿಲ್ಲ. ಆಡಬಹುದು ಅಂತ ಅವನಿಗೆ ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಕೆಲವು ವರ್ಷದ ಮೇಲೆ ಹೋದಾಗ ಪಾರ್ಲರ್ ಇದ್ದ ಜಾಗದಲ್ಲಿ ಬಟ್ಟೆ ಅಂಗಡಿ. ಅವನೆಲ್ಲಿ ಅಂತ ಬೇಕರಿಯವರಿಗೂ ಗೊತ್ತಿರಲಿಲ್ಲ.

ಪಂಕಜ್ 18ಕ್ಕೆ ಇಂಗ್ಲೆಂಡಿಗೆ ಹೋಗಬೇಕಿತ್ತಾ ಅಂತ ನಾವು ಗಂಟೆಗಟ್ಟಲೆ ವಾದ ಮಾಡ್ತೀವಿ. ಇವನು 18ಕ್ಕೆ ಬೆಂಗಳೂರಿಗಾದರೂ ಹೋಗಬೇಕಿತ್ತು ಅಂತ ಯಾರೂ ವಾದ ಮಾಡಲಿಲ್ಲ. ಈ ಆಟದ ಮೊದಲ ದಿನಗಳು ಯಾರ ಕೈಗೆ ಸಿಗುತ್ತವೆ ಅನ್ನೋದೇ ನಿಜವಾದ ಪ್ರಶ್ನೆ. ಒಂದು ಟೇಬಲ್ ಇಟ್ಟು ಸುತ್ತ ಕ್ಯೂ ಆಡಿಸೋಕೆ ಸುಮಾರು 22 ಅಡಿಗೆ 16 ಅಡಿ ಕೋಣೆ ಬೇಕು. ನಮ್ಮ 30-40 ಸೈಟಿನ ಮನೆಯಲ್ಲಿ ಹಾಲ್ ಖಾಲಿ ಮಾಡಿದರೂ ಸಾಲದು. ಹಾಗಾಗಿ ಆಟ ಸಿಗೋದು ಎರಡೇ ಕಡೆ. ಸದಸ್ಯತ್ವ ಬೇಕಾದ ಕ್ಲಬ್ಬಿನಲ್ಲಿ, ಇಲ್ಲಾ ಅಪ್ಪಂದಿರು "ಪೋಲಿಗಳ ಜಾಗ" ಅನ್ನೋ ಪಾರ್ಲರಿನಲ್ಲಿ. ಇವೆರಡರ ಮಧ್ಯೆ ಒಂದು ಮೂರನೇ ಜಾಗ ಬೇಕು. ಶಾಲೆ ಮಕ್ಕಳಿಗೆ ಮಧ್ಯಾಹ್ನದ ಹೊತ್ತು ಕಡಿಮೆ ದರಕ್ಕೆ ಟೇಬಲ್, ಒಬ್ಬ ಕಲಿಸುವವರು, ಜಿಲ್ಲೆಗೊಂದು ಟೂರ್ನಿ. ಸಾಧ್ಯವಿಲ್ಲದ್ದೇನಲ್ಲ. ನಮ್ಮ ಆರ್. ಉಮಾದೇವಿಯವರು ಸರ್ಕಾರಿ ನೌಕರಿಯಲ್ಲಿದ್ದುಕೊಂಡೇ ಆಡಿ 2012ರಲ್ಲಿ ವಿಶ್ವ ಮಹಿಳಾ ಬಿಲಿಯರ್ಡ್ಸ್ ಗೆದ್ದವರು. ಎಷ್ಟು ಜನ ಕನ್ನಡಿಗರಿಗೆ ಅವರ ಹೆಸರು ಗೊತ್ತು? 2013ರಿಂದ 2019ರವರೆಗೆ ಐದು ಸಲ ಇಂಡಿಯನ್ ಓಪನ್ ನಡೆಯಿತು. ದೆಹಲಿ, ಮುಂಬೈ, ಹೈದರಾಬಾದ್, ವಿಶಾಖಪಟ್ಟಣ, ಕೊಚ್ಚಿ. ಪಂಕಜ್‌ನ ಊರು ಆ ಪಟ್ಟಿಯಲ್ಲಿ ಇರಲೇ ಇಲ್ಲ.

*

ಈ ಭಾನುವಾರ ಮತ್ತೆ ಅಕ್ಕನ ಮನೆಗೆ ಹೋಗ್ತಿದ್ದೀನಿ. ಹುಡುಗನಿಗೆ ಹೇಳೋದು ಇಷ್ಟು.

ಪಿಯುಸಿ ಬಿಡಬೇಡ. ಪಂಕಜ್ ವಿಶ್ವ ಪ್ರಶಸ್ತಿ ಗೆದ್ದ ಮೇಲೂ ಕಾಲೇಜು ಬಿಡಲಿಲ್ಲ. ಎರಡು ವರ್ಷ ಗಂಭೀರವಾಗಿ ಆಡು, ಟೇಬಲ್ ಫೀಸ್ ಅರ್ಧ ನಾನು ಕೊಡ್ತೀನಿ. ಪಾರ್ಲರಿನ ಗೆಳೆಯರನ್ನು ಸೋಲಿಸೋದು ಬಿಟ್ಟು ರಾಜ್ಯದ ಜೂನಿಯರ್ ಟೂರ್ನಿಗಳಲ್ಲಿ ಹೆಸರು ಕೊಡು, ಸೋಲು, ಅಲ್ಲಿ ನಿನಗಿಂತ ಚೆನ್ನಾಗಿ ಆಡುವ 13ರ ಹುಡುಗನನ್ನು ನೋಡು. ಎರಡು ವರ್ಷದ ಮೇಲೂ ನಿನ್ನ ವಯಸ್ಸಿನವರಲ್ಲಿ ರಾಜ್ಯಕ್ಕೆ ಮೊದಲ ನಾಲ್ಕರಲ್ಲಿ ಇಲ್ಲದಿದ್ದರೆ ಇಂಗ್ಲೆಂಡಿನ ಮಾತು ಬೇಡ. ಇದ್ದರೆ ನಾನೇ ನಿಮ್ಮಪ್ಪನ ಜೊತೆ ಜಗಳ ಆಡ್ತೀನಿ. ಆದರೆ ಹೋಗೋ ದಿನ ವಾಪಸ್ ಬರೋಕೆ ಒಂದು ಜಾಗ ಇಟ್ಕೊಂಡು ಹೋಗು. ವಾಪಸ್ ಬಂದರೆ ಈ ಮನೆಯಲ್ಲಿ ಯಾರೂ ನಿನ್ನನ್ನು ಸೋತವನು ಅನ್ನಲ್ಲ. ಅದನ್ನು ನಾನು ನೋಡ್ಕೋತೀನಿ.

ಫೋನಿನಲ್ಲಿ ಇದರ ಅರ್ಧ ಆಗಲೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ "ಸರಿ ಮಾಮ, ಭಾನುವಾರ ನನ್ ಜೊತೆ ಒಂದು ಫ್ರೇಮ್ ಆಡು, ಗೆದ್ರೆ ನಿನ್ ಮಾತು ಕೇಳ್ತೀನಿ" ಅಂದ.

ನಾನು ಕ್ಯೂ ಮುಟ್ಟಿ ಏಳು ವರ್ಷ ಆಯ್ತು. ನಾಳೆಯಿಂದ ಪ್ರ್ಯಾಕ್ಟೀಸಿಗೆ ಹೋಗಬೇಕು :-)

ನಿಮ್ಮ ಮನೆಯಲ್ಲೂ ಇಂಥ ಹುಡುಗ ಹುಡುಗಿ ಇದ್ದಾರಾ? ನೀವೇನು ಹೇಳಿದ್ರಿ?